ಕಂಪನಿ ಕೊಡುವ ಮನೆ ಒಪ್ಪಿಕೊಳ್ಳಲೇ?

ಪ್ರಶ್ನೆ: ನನಗೆ 27 ವರ್ಷ, ಶಿವಮೊಗ್ಗದವಳು. ಬೆಂಗಳೂರಿನಲ್ಲಿ ಹೊಸ ಕೆಲಸ ಸಿಕ್ಕಿದೆ. ಆಫೀಸಿನ ಹತ್ತಿರವೇ ಮಂಚ, ಫ್ರಿಜ್, ವಾಷಿಂಗ್ ಮೆಷಿನ್ ಎಲ್ಲ ಇರುವ ಒನ್ ಬಿಎಚ್‌ಕೆ ಮನೆಯನ್ನು ಕಂಪನಿಯೇ ಬಾಡಿಗೆಗೆ ಹಿಡಿದು ಕೊಡುತ್ತದಂತೆ. ಬೇಡವೆಂದರೆ ಸಂಬಳದ ಜೊತೆ ಎಚ್‌ಆರ್‌ಎ ಬರುತ್ತದೆ. ‘ಒಂಟಿ ಹುಡುಗಿಗೆ ಯಾರು ಮನೆ ಕೊಡ್ತಾರೆ, ಸುಮ್ಮನೆ ಒಪ್ಪಿಕೋ’ ಅನ್ನುತ್ತಾರೆ ಅಮ್ಮ. ನಾಳೆ ಕೆಲಸ ಹಿಡಿಸದಿದ್ದರೆ ಕೆಲಸದ ಜೊತೆ ಮನೆಯೂ ಹೋಗುತ್ತದಲ್ಲ ಎಂಬ ಭಯ ನನಗೆ. ಇದು ಅತಿಯಾಯಿತೇ?
– ಹೆಸರು ಬೇಡ

ಉತ್ತರ: ಖಂಡಿತ ಇಲ್ಲ. ಸೇರುವ ಮುಂಚೆಯೇ ಬಿಡುವ ಮಾತು ಅಪಶಕುನ ಎಂದು ಮನೆಯಲ್ಲಿ ಅಂದಾರು. ಆದರೆ ಕಂಪನಿ ಮನೆಯ ಮಟ್ಟಿಗೆ ಮೊದಲು ಕೇಳಬೇಕಾದದ್ದೇ ಅದು.

ಹಾಗಂತ ಅಮ್ಮನ ಮಾತನ್ನು ತಳ್ಳಿಹಾಕಬೇಡಿ. ಟು-ಲೆಟ್ ಬೋರ್ಡ್ ನೋಡಿ ಬೆಲ್ ಒತ್ತಿದರೆ ‘ಮದುವೆ ಆಗಿದೆಯಾ?’ ಎಂಬ ಪ್ರಶ್ನೆ ಬಾಗಿಲಲ್ಲೇ ಎದುರಾಗುತ್ತದೆ, ಬೆನ್ನಿಗೇ ‘ನಾನ್‌ವೆಜ್ ಮಾಡ್ತೀರಾ?’. ಹತ್ತು ತಿಂಗಳ ಅಡ್ವಾನ್ಸ್ ಕೇಳುವವರು ಇನ್ನೂ ಇದ್ದಾರೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು ಎನ್ನುವುದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ. ಆದರೆ ಅದು ಬರೀ ಮಾದರಿ, ರಾಜ್ಯಗಳು ಜಾರಿಗೆ ತಂದರಷ್ಟೇ ಬಲ. ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದೂ ಮಾಮೂಲು. ಕಂಪನಿ ಮನೆಯಲ್ಲಿ ಈ ರಗಳೆ ನಿಮ್ಮ ತಲೆಗೆ ಬರುವುದಿಲ್ಲ.

ದುಡ್ಡಿನ ಲೆಕ್ಕವನ್ನು ಮಾತ್ರ ಕೂತು ನೋಡಿ. ಕಂಪನಿ ಬಾಡಿಗೆಗೆ ಹಿಡಿದು ಕೊಟ್ಟ ಮನೆಯನ್ನು ಆದಾಯ ತೆರಿಗೆಯವರು ಸಂಬಳದ ಭಾಗವಾಗಿಯೇ ಎಣಿಸುತ್ತಾರೆ. ನಿಮ್ಮ ಸಂಬಳದ ಶೇ 10 ಅಥವಾ ಕಂಪನಿ ಕಟ್ಟುವ ಬಾಡಿಗೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ತೆರಿಗೆ. ಮಂಚ-ಫ್ರಿಜ್‌ಗೆ ಇನ್ನಷ್ಟು ಸೇರುತ್ತದೆ. ಅದೇ ಸರ್ವಿಸ್ ಅಪಾರ್ಟ್‌ಮೆಂಟ್ ಆದರೆ ಹೋಟೆಲಿನ ಲೆಕ್ಕ, ಶೇ 10ರ ಜಾಗದಲ್ಲಿ ಶೇ 24. ಎರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಆದ್ದರಿಂದ ನಿಮ್ಮದು ಯಾವುದೆಂದು ಎಚ್‌ಆರ್‌ನವರನ್ನು ಬಿಡಿಸಿ ಕೇಳಿ. ಇತ್ತ ಎಚ್‌ಆರ್‌ಎಗೆ ಹೊಸ ತೆರಿಗೆ ಪದ್ಧತಿಯಲ್ಲಿ ವಿನಾಯಿತಿಯೇ ಇಲ್ಲ. ಸಿಟಿಸಿಯಲ್ಲಿ ಮನೆಗೆಂದು ವಿಪರೀತ ಮುರಿಯದಿದ್ದರೆ ಕಂಪನಿ ಮನೆಯೇ ಅಗ್ಗವಾದೀತು.

ಹಾಗಾಗಿ ನನ್ನ ಸಲಹೆ: ಒಪ್ಪಿಕೊಳ್ಳಿ, ಆದರೆ ಅಲ್ಲಿ ಬೇರು ಬಿಡಬೇಡಿ. ಮನೆಗೆ ಹತ್ತಿರದ ಆಫೀಸು ರಾತ್ರಿ ಒಂಬತ್ತಕ್ಕೂ ‘ಸ್ವಲ್ಪ ಬಂದು ಹೋಗಿ’ ಅನ್ನಬಹುದು; ಮೊದಲ ವಾರದಲ್ಲೇ ಬರುವುದಿಲ್ಲ ಅನ್ನಲು ಕಲಿಯದಿದ್ದರೆ ಆಮೇಲೆ ಕಷ್ಟ. ಕರಾರು ನಿಮ್ಮ ಹೆಸರಲ್ಲಿ ಇರುವುದಿಲ್ಲವಾದ್ದರಿಂದ ಬ್ಯಾಂಕಿಗೆ, ಗ್ಯಾಸಿಗೆ ಬೇಕಾದ ವಿಳಾಸದ ಪತ್ರವನ್ನು ಕಂಪನಿಯಿಂದಲೇ ಪಡೆಯಿರಿ. ಅಡುಗೆಮನೆಗೂ ಒಮ್ಮೆ ಇಣುಕಿ. ಇಂಥ ಎಷ್ಟೋ ಮನೆಗಳಲ್ಲಿ ಒಂದು ಇಂಡಕ್ಷನ್ ಒಲೆ, ಎರಡು ಪಾತ್ರೆ ಇಟ್ಟು ಅದನ್ನೇ ಕಿಚನ್ ಅಂದಿರುತ್ತಾರೆ. ದೋಸೆ ಹಂಚು, ಮಿಕ್ಸಿ ಊರಿನಿಂದಲೇ ಬರಲಿ. ಅಮ್ಮ ಬಂದು ಹದಿನೈದು ದಿನ ಇದ್ದರೆ ಆಕ್ಷೇಪವಿದೆಯೇ, ಅದಕ್ಕೂ ದುಡ್ಡು ಕೇಳುತ್ತಾರೆಯೇ ಎಂಬುದೂ ತಿಳಿದಿರಲಿ.

ನಿಮ್ಮ ಭಯಕ್ಕೆ ನಿಜವಾದ ಮದ್ದು ಬೇರೆ ಖಾತೆಯಲ್ಲಿದೆ. ಬಾಡಿಗೆ ಕಟ್ಟದೆ ಉಳಿಯುವ ಹಣದಲ್ಲಿ ಒಂದಷ್ಟನ್ನು ತಿಂಗಳು ತಿಂಗಳು ಆರ್‌ಡಿಗೆ ಹಾಕಿ. ಸ್ವಂತಕ್ಕೊಂದು ಮನೆ ಹಿಡಿಯುವಷ್ಟು ಅಡ್ವಾನ್ಸ್ ಕೈಯಲ್ಲಿದ್ದರೆ ಹಿಡಿಸದ ಕೆಲಸಕ್ಕೆ ರಾಜೀನಾಮೆ ಬರೆಯುವ ದಿನ ಕೈ ನಡುಗುವುದಿಲ್ಲ. ಅಲ್ಲಿಯವರೆಗೆ, ಕೆಲಸ ಬಿಟ್ಟ ಮೇಲೆ ಮನೆ ಖಾಲಿ ಮಾಡಲು ಎಷ್ಟು ದಿನ ಕೊಡುತ್ತೀರಿ ಎಂದು ಮೇಲ್ ಹಾಕಿ ಕೇಳಿ. ಒಂದು ತಿಂಗಳಾದರೂ ಇರಲಿ ಅನ್ನಿ. ಫೋನಿನಲ್ಲಿ ‘ಅದೆಲ್ಲ ಅಡ್ಜಸ್ಟ್ ಮಾಡೋಣ ಬಿಡಿ’ ಎಂದರೆ ನಕ್ಕು, ಅದನ್ನೇ ಬರೆದು ಕಳಿಸಲು ಹೇಳಿ. ಉತ್ತರ ಬಂದ ಮೇಲೆ ಸಹಿ ಹಾಕಿದರಾಯಿತು.