ಹಿರಿಯರ ಮೂಳೆ ಸವೆತ ಮತ್ತು ಮನೆಯವರ ಕರ್ತವ್ಯ

ಸಿಕಂದರಾಬಾದಿನ ಮಾರೇಡ್‌ಪಲ್ಲಿ, ಪದ್ಮಾರಾವ್‌ನಗರ ಮುಂತಾದ ಬಡಾವಣೆಗಳ ಕನ್ನಡ ಮನೆಗಳಲ್ಲಿ ನಸುಕಿನಲ್ಲೇ ಎದ್ದು ಬಾಗಿಲಿಗೆ ರಂಗವಲ್ಲಿಯಿಕ್ಕುವವರು ಸಾಮಾನ್ಯವಾಗಿ ಮನೆಯ ಹಿರಿಯ ಮಹಿಳೆ. ಅಂಥ ಒಂದು ಮನೆಯಲ್ಲಿ ಎಪ್ಪತ್ತೆರಡು ವರ್ಷದ ಅಜ್ಜಿ ಬಚ್ಚಲಿನ ಒದ್ದೆ ನೆಲದ ಮೇಲೆ ಜಾರಿ ಬಿದ್ದರೆಂದು ಭಾವಿಸೋಣ. ಬಿದ್ದದ್ದು ಎತ್ತರದಿಂದಲ್ಲ, ನಿಂತ ನಿಲುವಿನಿಂದ. ಆದರೂ ಮಣಿಕಟ್ಟಿನ ಮೂಳೆ ಮುರಿಯಿತು. ಕೆಲವು ವಾರಗಳ ಬಳಿಕ ಪ್ಲಾಸ್ಟರ್ ಬಿಚ್ಚಿಸಿದಾಗ ಮನೆಯವರು ಗಂಡಾಂತರ ಕಳೆಯಿತೆಂದು ನಿಟ್ಟುಸಿರು ಬಿಡುತ್ತಾರೆ. ವಾಸ್ತವವಾಗಿ ಆರೈಕೆ ಆರಂಭವಾಗಬೇಕಾದದ್ದು ಅಲ್ಲಿಂದಲೇ. ಅಲ್ಪ ಪೆಟ್ಟಿಗೆ ಒಮ್ಮೆ ಮೂಳೆ ಮುರಿದವರಿಗೆ ಮತ್ತೊಮ್ಮೆ ಮುರಿಯುವ ಸಂಭವ ಹೆಚ್ಚು. ಮುಂದಿನ ಪೆಟ್ಟು ಸೊಂಟಕ್ಕೆ ಬಿದ್ದರೆ ಪ್ರಾಣಕ್ಕೇ ಅಪಾಯ ಒದಗಬಹುದು.

ರೋಗದ ಸ್ವರೂಪ

ಮೂಳೆ ಕಲ್ಲಿನಂತೆ ಜಡವಸ್ತುವಲ್ಲ. ಅದರಲ್ಲಿ ಹಳೆಯ ಭಾಗ ಕರಗುವ, ಹೊಸ ಭಾಗ ಕೂಡುವ ಕಾರ್ಯ ಸದಾ ನಡೆಯುತ್ತಿರುತ್ತದೆ. ಸುಮಾರು ಮೂವತ್ತನೆಯ ವರ್ಷದವರೆಗೆ ಈ ಲೆಕ್ಕದಲ್ಲಿ ಜಮೆಯೇ ಹೆಚ್ಚು. ಅನಂತರ ಕ್ರಮೇಣ ಖರ್ಚು ಮೇಲುಗೈಯಾಗುತ್ತದೆ. ಸ್ತ್ರೀಯರಲ್ಲಿ ಮುಟ್ಟು ನಿಂತ ಬಳಿಕ ಈಸ್ಟ್ರೋಜೆನ್ ಹಾರ್ಮೋನು ಕುಗ್ಗುವುದರಿಂದ ಕೆಲವು ವರ್ಷಗಳ ಕಾಲ ಈ ಖರ್ಚು ತೀವ್ರವಾಗುತ್ತದೆ. ಮೂಳೆಯ ಒಳಭಾಗ ಟೊಳ್ಳಾಗಿ ಸುಲಭವಾಗಿ ಮುರಿಯುವ ಈ ಸ್ಥಿತಿಯೇ ಆಸ್ಟಿಯೋಪೊರೋಸಿಸ್. ಪುರುಷರೂ ಇದಕ್ಕೆ ಹೊರತಲ್ಲ. ದೀರ್ಘಕಾಲ ಸ್ಟೀರಾಯ್ಡ್ ಸೇವನೆ, ಧೂಮಪಾನ, ಮದ್ಯಪಾನಗಳೂ ಇದಕ್ಕೆ ಕಾರಣಗಳು.

ಮೂಳೆ ಮುರಿಯುವವರೆಗೆ ಈ ರೋಗಕ್ಕೆ ನೋವಿಲ್ಲ. ಎತ್ತರ ಕುಗ್ಗುವುದು, ಬೆನ್ನು ಬಾಗುವುದು, ಹಠಾತ್ತಾಗಿ ಬೆನ್ನುನೋವು ಬರುವುದು ಇವು ಬೆನ್ನುಮೂಳೆ ಕುಸಿದಿರುವುದರ ಸೂಚನೆಗಳಾಗಿರಬಹುದು. ಇವನ್ನು ವೃದ್ಧಾಪ್ಯದ ಸಹಜಧರ್ಮವೆಂದು ಕಡೆಗಣಿಸಬಾರದು. ಡೆಕ್ಸಾ ಎಂಬ ಕ್ಷ-ಕಿರಣ ಪರೀಕ್ಷೆಯಿಂದ ಮೂಳೆಯ ಸಾಂದ್ರತೆಯನ್ನು ಅಳೆಯುತ್ತಾರೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಮಾನದಂಡದಂತೆ 'ಟಿ ಅಂಕ' ಮೈನಸ್ 2.5 ಅಥವಾ ಅದಕ್ಕೂ ಕಡಿಮೆಯಿದ್ದರೆ ಅದು ಆಸ್ಟಿಯೋಪೊರೋಸಿಸ್.

ಆಹಾರದ ಲೆಕ್ಕ

ಈ ವಿಷಯದಲ್ಲಿ ಅವಳಿ ನಗರಗಳ ನಿವಾಸಿಗಳಿಗೆ ಜ್ಞಾನಭಂಡಾರವೊಂದು ಹತ್ತಿರದಲ್ಲೇ ಇದೆ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಆರಂಭಿಸಿದ ಸಣ್ಣ ಸಂಶೋಧನಾ ಘಟಕ 1958ರಲ್ಲಿ ಹೈದರಾಬಾದಿಗೆ ಬಂದು, ಇಂದು ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿ ಬೆಳೆದು ನಿಂತಿದೆ. ಇಲ್ಲಿನ ಡಾ. ವೀಣಾ ಶತ್ರುಘ್ನ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನವು ಬಡ ವರ್ಗದ ಸ್ತ್ರೀಯರ ಮೂಳೆಯ ಸಾಂದ್ರತೆ ಮುಂದುವರಿದ ದೇಶಗಳ ಸ್ತ್ರೀಯರದಕ್ಕಿಂತ ಬಹಳ ಕಡಿಮೆಯೆಂದೂ, ಅವರ ಆಹಾರದಲ್ಲಿ ಕ್ಯಾಲ್ಸಿಯಂ ಅತ್ಯಲ್ಪವೆಂದೂ ತೋರಿಸಿತು.

ಇದೇ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಸ್ತ್ರೀಯರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಹಿಟ್ಟು ತಿಂದವನು ಬೆಟ್ಟ ಕಿತ್ತನೆಂಬ ನಮ್ಮ ಹಿರಿಯರ ಮಾತು ಇಲ್ಲಿ ಸಾರ್ಥಕವಾಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರ. 50 ಗ್ರಾಂ ರಾಗಿಹಿಟ್ಟಿನ ಅಂಬಲಿ ಅಥವಾ ಮುದ್ದೆಯಿಂದ 180, ಎರಡು ಲೋಟ, ಅಂದರೆ 400 ಮಿಲಿಲೀಟರ್, ಹಾಲು ಮೊಸರಿನಿಂದ ಸುಮಾರು 480, 50 ಗ್ರಾಂ ನುಗ್ಗೆಸೊಪ್ಪಿನಿಂದ 150, ಎರಡು ಚಮಚ ಎಳ್ಳಿನ ಚಟ್ನಿಪುಡಿಯಿಂದ ನೂರರಷ್ಟು ದೊರೆತರೆ ಒಟ್ಟು 900ಕ್ಕೆ ಮುಟ್ಟಿತು. ಉಳಿದುದರಲ್ಲಿ ಒಂದಿಷ್ಟು ಬೇಳೆಕಾಳು, ತರಕಾರಿಗಳಿಂದ ಬರುತ್ತದೆ. ಆಮೇಲೂ ಕೊರತೆಯಿದ್ದರೆ ವೈದ್ಯರನ್ನು ಕೇಳಿ ಮಾತ್ರೆಯಿಂದ ತುಂಬಬೇಕು. ನುಗ್ಗೆಸೊಪ್ಪು ಮೋಂಡಾ ಮಾರುಕಟ್ಟೆಯಲ್ಲಿ 'ಮುನಗಾಕು' ಎಂಬ ಹೆಸರಿನಲ್ಲಿ ಸಿಗುತ್ತದೆ. ಹಲ್ಲಿಲ್ಲದವರಿಗೆ ಅದನ್ನು ನುಣ್ಣಗೆ ಅರೆದು ಸಾರಿಗೆ ಬೆರೆಸಬಹುದು.

ಕ್ಯಾಲ್ಸಿಯಂ ದೇಹಗತವಾಗಲು ವಿಟಮಿನ್ 'ಡಿ' ಅಗತ್ಯ. ಬಹುಮಹಡಿ ಮನೆಗಳಲ್ಲಿ ವಾಸಿಸುವ ಹಿರಿಯರಿಗೆ ಬಿಸಿಲೇ ಸೋಕುವುದಿಲ್ಲ. ಸೌಮ್ಯ ಋತುಗಳಲ್ಲಿ ಕೈಕಾಲು, ಮುಖಗಳಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಿಸುವುದು ಹಿತ. ಏಪ್ರಿಲ್, ಮೇ ತಿಂಗಳುಗಳ ಉರಿಬಿಸಿಲಿಗೆ ಮಾತ್ರ ವೃದ್ಧರನ್ನು ಒಡ್ಡಬಾರದು.

ಮನೆಯ ವ್ಯವಸ್ಥೆ

ಹಿರಿಯರು ಬೀಳದಂತೆ ನೋಡಿಕೊಳ್ಳುವುದು ಔಷಧದಷ್ಟೇ ಮುಖ್ಯ. ಅನೇಕ ಹಳೆಯ ಮನೆಗಳಿಗೆ ಹಾಸಿರುವ ಶಹಾಬಾದ್ ಕಲ್ಲು ಸವೆದು ನಯವಾದಾಗ, ಅದರ ಮೇಲೆ ನೀರು ಬಿದ್ದರೆ ಜಾರುತ್ತದೆ. ಬಚ್ಚಲಿನಲ್ಲಿ ಜಾರದ ಚಾಪೆ, ಗೋಡೆಗೆ ಗಟ್ಟಿಯಾದ ಹಿಡಿಕೆ, ಕುಳಿತು ಸ್ನಾನ ಮಾಡಲು ಅಲುಗದ ಪೀಠ ಇರಬೇಕು. ಎಣ್ಣೆಸ್ನಾನದ ದಿನ ಯಾರಾದರೂ ಹತ್ತಿರವಿರಬೇಕು. ಮಲಗುವ ಕೋಣೆಯಿಂದ ಶೌಚಾಲಯದವರೆಗೆ ರಾತ್ರಿ ಸಣ್ಣ ದೀಪ ಉರಿಯುತ್ತಿರಲಿ. ನೆಲಕ್ಕೆ ತಾಗುವ ಸೀರೆಯ ಅಂಚು, ಸಡಿಲ ಚಪ್ಪಲಿ, ಮಡಿಸಿಕೊಂಡ ಕಾಲೊರಸು ಇವೆಲ್ಲ ಬೀಳಿಸುವ ವಸ್ತುಗಳೇ. ಕನ್ನಡಕದ ಪರೀಕ್ಷೆಯನ್ನು ಮುಂದೂಡಬಾರದು. ನಿದ್ರೆಯ ಮಾತ್ರೆ, ರಕ್ತದೊತ್ತಡದ ಮಾತ್ರೆಗಳಿಂದ ತಲೆಸುತ್ತು ಬರುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು.

ಪ್ರೀತಿಯ ಅತಿರೇಕ

ಒಮ್ಮೆ ಬಿದ್ದವರನ್ನು "ಅಮ್ಮಾ, ನೀವು ಏಳಬೇಡಿ, ಎಲ್ಲ ನಾವು ಮಾಡುತ್ತೇವೆ" ಎಂದು ಹಾಸಿಗೆಗೆ ಕಟ್ಟಿಹಾಕುವುದು ಮನೆಯವರು ಮಾಡುವ ದೊಡ್ಡ ತಪ್ಪು. ಭಾರ ಹೊತ್ತು ನಡೆಯುವ ಮೂಳೆಯೇ ಗಟ್ಟಿಯಾಗಿರುತ್ತದೆ. ದುಡಿಯದ ಮೂಳೆ ಮತ್ತಷ್ಟು ಸವೆಯುತ್ತದೆ, ಸ್ನಾಯುಗಳೂ ಸೊರಗುತ್ತವೆ. ಹೀಗೆ ಬೀಳುವ ಭಯವೇ ಮುಂದಿನ ಬೀಳುವಿಕೆಗೆ ದಾರಿಯಾಗುತ್ತದೆ. ನೀರಿನ ಕೊಡ ಎತ್ತುವುದು, ಮುಂದಕ್ಕೆ ಬಗ್ಗಿ ನೆಲ ಸಾರಿಸುವುದು, ಸೊಂಟ ತಿರುಚುವುದು ಇವನ್ನು ತಪ್ಪಿಸಬೇಕು. ಆದರೆ ನಿತ್ಯ ನಡಿಗೆ, ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ, ನಿಂತು ಮಾಡುವ ಅಡಿಗೆ ಮನೆಯ ಹಗುರ ಕೆಲಸ, ಮಗಳ ಕೈ ಹಿಡಿದು ದೇವಸ್ಥಾನಕ್ಕೆ ಹೋಗಿಬರುವುದು ಇವನ್ನು ನಿಲ್ಲಿಸಬಾರದು. ಊರುಗೋಲು ಅವಮಾನವಲ್ಲವೆಂದು ಮೊಮ್ಮಕ್ಕಳ ಮೂಲಕ ಒಪ್ಪಿಸುವುದು ಕೆಲವೊಮ್ಮೆ ಸುಲಭ.

ಔಷಧ ಮತ್ತು ಶುಶ್ರೂಷೆ

ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಬರಿಯ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ಮಲಗದೆ, ಏನನ್ನೂ ತಿನ್ನದೆ ಇರಬೇಕು. ಕಾಫಿಯೊಂದಿಗೆ ನುಂಗಿದರೆ ಗುಣ ಸಿಗದು. ನುಂಗಿದೊಡನೆ ಮಲಗಿದರೆ ಅನ್ನನಾಳಕ್ಕೆ ಹಾನಿ. ವಾರವನ್ನು ಪಂಚಾಂಗದಲ್ಲಿ ಗುರುತು ಹಾಕಿ ನೆನಪಿಸುವುದು ಮನೆಯವರ ಹೊಣೆ.

ಸೊಂಟದ ಮೂಳೆ ಮುರಿದರೆ ಎಣ್ಣೆ ತಿಕ್ಕುತ್ತ, ಪಟ್ಟು ಹಾಕುತ್ತ ಕಾಲಹರಣ ಮಾಡದೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಶಸ್ತ್ರಚಿಕಿತ್ಸೆ ಬೇಗನೆ ಆದಷ್ಟೂ, ರೋಗಿ ಬೇಗನೆ ಎದ್ದು ಕುಳಿತಷ್ಟೂ ಲೇಸು. ಮಲಗಿದಲ್ಲೇ ಇದ್ದರೆ ಹಾಸಿಗೆ ಹುಣ್ಣು, ನ್ಯುಮೋನಿಯ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವಿಕೆ ತಲೆದೋರುತ್ತವೆ. ತಾವಾಗಿ ಹೊರಳಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು.

ಉಪಸಂಹಾರ

ಅತ್ತೆಯನ್ನು ನೋಡಿಕೊಳ್ಳುವ ಸೊಸೆಗೂ ಐವತ್ತು ಸಮೀಪಿಸಿರುತ್ತದೆ. ಅತ್ತೆಗೆ ಅಂಬಲಿ, ಹಾಲು ಕೊಟ್ಟು ತಾನು ಕಾಫಿ ಕುಡಿದು ಕೆಲಸಕ್ಕೆ ಓಡುವ ಆಕೆಯ ಮೂಳೆಯನ್ನು ಯಾರೂ ಗಮನಿಸುವುದಿಲ್ಲ. ಮೊಮ್ಮಗಳಿಗಾದರೋ ಇದು ಜಮೆ ಮಾಡುವ ಕಾಲ. ಆದ್ದರಿಂದ ಅಜ್ಜಿಯ ಪಥ್ಯವೇ ಇಡೀ ಮನೆಯ ಊಟವಾಗಲಿ. ಬಾಗಿಲ ಮುಂದೆ ಮೊಮ್ಮಗಳು ಬಗ್ಗಿ ರಂಗವಲ್ಲಿಯಿಡಲಿ. ಅಜ್ಜಿ ನೆಟ್ಟಗೆ ನಿಂತು ಎಳೆ ಹೇಳಿಕೊಡಲಿ. ಆರೈಕೆಯ ಗುರಿ ಹಿರಿಯರನ್ನು ಮಲಗಿಸಿ ಕಾಯುವುದಲ್ಲ, ಅವರನ್ನು ಅವರ ಕಾಲಮೇಲೆ ನಿಲ್ಲಿಸಿಕೊಳ್ಳುವುದು.