ಎಷ್ಟಾಗುತ್ತೆ ಡಾಕ್ಟ್ರೇ?

ಕಾಯಿಲೆ ಬಿದ್ದ ನಾಯಿಯನ್ನೋ ಬೆಕ್ಕನ್ನೋ ಪಶುವೈದ್ಯರ ಮೇಜಿನ ಮೇಲೆ ಮಲಗಿಸಿ ನಿಂತಾಗ ‘ಎಷ್ಟಾಗುತ್ತೆ ಡಾಕ್ಟ್ರೇ?’ ಎಂದು ಕೇಳಲು ಬಹಳ ಜನಕ್ಕೆ ಬಾಯೇ ಬರುವುದಿಲ್ಲ. ಜೀವವೊಂದು ನರಳುತ್ತಿರುವಾಗ ದುಡ್ಡಿನ ಮಾತೆತ್ತಿದರೆ ಇವರಿಗೆ ಪ್ರೀತಿಯೇ ಇಲ್ಲವೆಂದು ಎದುರಿಗಿರುವವರು ತಿಳಿದಾರು ಎಂಬ ಅಳುಕು. ಎಲ್ಲದಕ್ಕೂ ಹೂಂ ಅಂದು, ಬಿಲ್ಲು ಕೈಗೆ ಬಂದಾಗ ಕಂಗಾಲಾಗಿ, ಚಿಕಿತ್ಸೆಯನ್ನು ಅರ್ಧಕ್ಕೇ ಬಿಡಿಸಿಕೊಂಡು ಹೋದವರನ್ನು ಕಂಡಿದ್ದೇನೆ. ವರ್ಷಗಟ್ಟಲೆ ಮನೆಯಲ್ಲಿ ನಾಯಿ, ಬೆಕ್ಕು ಸಾಕಿದ ಮೇಲೆ ನನಗೆ ಖಚಿತವಾಗಿರುವುದು ಇಷ್ಟು: ಆ ಪ್ರಶ್ನೆಯೂ ಚಿಕಿತ್ಸೆಯ ಒಂದು ಭಾಗ. ಅದನ್ನು ಮೊದಲ ಹತ್ತು ನಿಮಿಷದಲ್ಲೇ ಕೇಳಿದವರ ಪ್ರಾಣಿಗೆ ದಾರಿಗಳು ಹೆಚ್ಚು.

ನಮಗೆ ಕಾಯಿಲೆಯಾದರೆ ಬೆನ್ನಿಗೆ ಏನಾದರೊಂದು ಇರುತ್ತದೆ. ಯಶಸ್ವಿನಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ, ಆಫೀಸಿನ ಗುಂಪು ವಿಮೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ವಿಮೆಯ ಕಂತಿನ ಮೇಲೆ ತೆರಿಗೆ ವಿನಾಯಿತಿಯೂ ಉಂಟು. ಅದು ನಮಗೆ, ಸಂಗಾತಿಗೆ, ಮಕ್ಕಳಿಗೆ, ಅಪ್ಪ ಅಮ್ಮನಿಗೆ ಮಾತ್ರ. ನಾಯಿಯ ಡ್ರಿಪ್ಪಿನಿಂದ ಹಿಡಿದು ಬೆಕ್ಕಿನ ಎಕ್ಸ್‌ರೇ ತನಕ ಹೆಚ್ಚು ಕಡಿಮೆ ಪ್ರತಿ ರೂಪಾಯಿಯೂ ಸಾಕಿದವರ ಜೇಬಿನಿಂದಲೇ ಹೋಗಬೇಕು. ಇದರ ಮೇಲೆ, ರೋಗಿಗೆ ಎಲ್ಲಿ ನೋವೆಂದು ಹೇಳಲು ಬಾರದು. ಹೊಟ್ಟೆಯೋ ಬೆನ್ನೋ ಎಂದು ತಿಳಿಯಲು ಡಾಕ್ಟರು ರಕ್ತ ನೋಡಬೇಕು, ಸ್ಕ್ಯಾನ್ ಮಾಡಬೇಕು. ಬಿಲ್ಲು ಏರುವುದು ಇಲ್ಲಿಯೇ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಒಮ್ಮೆ ಸರದಿಗೆ ಕಾದು ಕೂತಿದ್ದೆ. 1958ರಲ್ಲಿ ಶುರುವಾದ ಕಾಲೇಜು ಅದು. ಒಂದು ಕಡೆ ಆಡು ಹಿಡಿದುಕೊಂಡು ಬಂದ ರೈತರು, ಇನ್ನೊಂದು ಕಡೆ ಕಾರಿನಿಂದ ಲ್ಯಾಬ್ರಡಾರ್ ಇಳಿಸುವವರು, ನಡುವೆ ಕೊರಳಲ್ಲಿ ಸ್ಟೆತಾಸ್ಕೋಪು ಹಾಕಿಕೊಂಡು ಓಡಾಡುವ ವಿದ್ಯಾರ್ಥಿಗಳು. ನನ್ನ ಮುಂದೆ ಖಾಕಿ ಅಂಗಿಯ ಆಟೊ ಚಾಲಕರೊಬ್ಬರು, ಪಕ್ಕದಲ್ಲಿ ಅವರ ಮಗ. ಹುಡುಗನ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಮರಿ. ಪಾರ್ವೊ. ರಕ್ತಭೇದಿಯ ಆ ನಾತ ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ. ಮರಿಯ ಕಣ್ಣು ಒಳಗೆ ಹೋಗಿತ್ತು, ಒಸಡು ಬಿಳಿಚಿತ್ತು.

ಒಳಗೆ ಹೋದವರೇ ಅವರು ಸಂಕೋಚವಿಲ್ಲದೆ ಹೇಳಿದರು: “ಮೇಡಂ, ನನ್ ಹತ್ರ ಇವತ್ತು ಎರಡು ಸಾವಿರ ಐತೆ. ಮೊದ್ಲೇ ಹೇಳ್ಬಿಡ್ತೀನಿ. ಇದ್ರಲ್ಲಿ ಏನ್ ಆಗ್ತದೆ?”

ಡಾಕ್ಟರಮ್ಮ ಮುಖ ಗಂಟಿಕ್ಕಲಿಲ್ಲ. “ಅಣ್ಣಾ, ಹೊರಗಡೆ ಅಡ್ಮಿಟ್ ಮಾಡಿದ್ರೆ ದಿನಕ್ಕೇ ಅಷ್ಟು ಬೇಕಾಗುತ್ತೆ. ನೀವು ದಿನಾ ಬೆಳಿಗ್ಗೆ ಇಲ್ಲಿಗೇ ಕರ್ಕೊಂಡ್ ಬನ್ನಿ. ಡ್ರಿಪ್ ಹಾಕಿ, ವಾಂತಿ ನಿಲ್ಲೋಕೆ ಇಂಜೆಕ್ಷನ್ ಕೊಟ್ಟು ಕಳಿಸ್ತೀವಿ. ಕಾಲಿನ ಸೂಜಿ ಹಾಗೇ ಬಿಟ್ಟಿರ್ತೀವಿ, ಅದನ್ನ ನೆಕ್ಕದ ಹಾಗೆ ನೋಡ್ಕೊಳ್ಳಿ. ಹೊರಗಿಂದ ತರಬೇಕಾದ್ದು ಇದಿಷ್ಟೇ,” ಎಂದು ಚೀಟಿ ಬರೆದುಕೊಟ್ಟರು.

ಆ ಮರಿ ಬದುಕಿತು. ಪಾರ್ವೊ ವೈರಸ್ಸನ್ನೇ ಕೊಲ್ಲುವ ಮಾತ್ರೆ ನಮ್ಮಲ್ಲಿ ಸಿಗುವುದಿಲ್ಲ. ವಾಂತಿ ಭೇದಿಯಲ್ಲಿ ಹೋದ ನೀರನ್ನು ಮೈಗೆ ತುಂಬುತ್ತಾ, ಇನ್ನೊಂದು ಸೋಂಕು ಮೇಲೆ ಬೀಳದಂತೆ ಕಾಯುತ್ತಾ, ಮರಿಯ ದೇಹ ತಾನೇ ಚೇತರಿಸಿಕೊಳ್ಳುವವರೆಗೆ ಜೀವ ಹಿಡಿದಿಡುವುದೇ ಚಿಕಿತ್ಸೆ. ಇಂಥ ಕಾಯಿಲೆಯಲ್ಲಿ ಮೊದಲ ದಿನವೇ ಎಲ್ಲ ದುಡ್ಡು ಸುರಿದು ಮೂರನೆಯ ದಿನ ಕೈ ಖಾಲಿ ಮಾಡಿಕೊಳ್ಳುವುದಕ್ಕಿಂತ, ಇರುವ ದುಡ್ಡನ್ನು ಐದಾರು ದಿನಕ್ಕೆ ಹಂಚುವುದು ಎಷ್ಟೋ ಮೇಲು. ಆ ಆಟೊ ಅಣ್ಣ ಕೇಳಿದ್ದರಿಂದ ಡಾಕ್ಟರಿಗೆ ಹಾಗೆ ಹಂಚಿಕೊಡಲು ಸಾಧ್ಯವಾಯಿತು. ಪಾರ್ವೊ ಬಂದ ಮನೆಯವರಿಗೆ ಇನ್ನೊಂದು ಮಾತು: ನೆಲ ಒರೆಸಲು ಫಿನಾಯಿಲ್ ನೆಚ್ಚಬೇಡಿ. ಆ ವೈರಸ್ಸು ತಿಂಗಳುಗಟ್ಟಲೆ ನೆಲದಲ್ಲೇ ಉಳಿಯುತ್ತದೆ, ಅದಕ್ಕೆ ಬ್ಲೀಚಿಂಗ್ ದ್ರಾವಣವೇ ಬೇಕು. ಬೆಕ್ಕಿರುವ ಮನೆಯಲ್ಲಂತೂ ಫಿನಾಯಿಲ್ ಬಳಸಲೇಬಾರದು, ಅದು ಬೆಕ್ಕಿಗೆ ವಿಷ.

ಈ ಕಾಯಿಲೆಯನ್ನು ದೂರವಿಡುವ ಲಸಿಕೆ ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ ನಡೆಯಬೇಕು. ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ. ಬೆಕ್ಕಿಗೂ ಅದರದೇ ಲಸಿಕೆಗಳಿವೆ, ಜೊತೆಗೆ ರೇಬೀಸ್. ನಾನು ಹೋಗುವ ಖಾಸಗಿ ಕ್ಲಿನಿಕ್ಕಿನಲ್ಲಿ ಒಂದು ಚುಚ್ಚುಮದ್ದಿಗೆ ₹1,000ದ ಆಸುಪಾಸು ಆಗುತ್ತದೆ. ಅಷ್ಟೂ ಹೊಂದಿಸುವುದು ಕಷ್ಟವಾದವರು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುಮಾರಿಗೆ ಹಲವು ಊರುಗಳಲ್ಲಿ ರೇಬೀಸ್ ಲಸಿಕೆಯನ್ನು ಉಚಿತವಾಗಿ ಹಾಕುತ್ತಾರೆ. ರೇಬೀಸಿನ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯೂ ಉಳಿಯುವುದಿಲ್ಲ, ಅದು ಕಚ್ಚಿ ಸೋಂಕು ತಗುಲಿಸಿಕೊಂಡ ಮನುಷ್ಯರೂ ಉಳಿಯುವುದಿಲ್ಲ. ಮನೆ ಖರ್ಚಿನ ಲೆಕ್ಕದಲ್ಲಿ ಯಾವುದನ್ನು ಕಡಿಮೆ ಮಾಡಿದರೂ ಲಸಿಕೆಯ ಬಾಬ್ತನ್ನು ಮುಟ್ಟಬಾರದು.

ಇನ್ನು ನಮ್ಮ ಕೆಂಚಿಯ ವಿಷಯ. ಬೀದಿಯಲ್ಲಿದ್ದ ನಾಟಿ ನಾಯಿ ಅವಳು, ದೊಡ್ಡವಳಾದ ಮೇಲೆ ನಮ್ಮ ಮನೆ ಸೇರಿದಳು. ಸಂತಾನಹರಣ ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡುವಷ್ಟರಲ್ಲಿ ಬೆದೆಗೆ ಬಂದಳು. ಬೆದೆ ಮುಗಿದು ಒಂದೆರಡು ತಿಂಗಳಾಗಲಿ ಎಂದರು ಡಾಕ್ಟರು. ಆ ಅವಧಿಯಲ್ಲೇ ಊಟ ಬಿಟ್ಟಳು, ಬಕೆಟ್ಟಿಗೇ ಬಾಯಿ ಹಾಕಿ ನೀರು ಕುಡಿಯತೊಡಗಿದಳು. ರಾತ್ರಿ ಖಾಸಗಿ ಆಸ್ಪತ್ರೆಗೆ ಹೊತ್ತೊಯ್ದೆವು. ಸ್ಕ್ಯಾನಿನಲ್ಲಿ ಗೊತ್ತಾಯಿತು, ಪಯೋಮೆಟ್ರಾ. ಗರ್ಭಕೋಶದಲ್ಲಿ ಕೀವು. ಬೆಳಗಿನವರೆಗೂ ಕಾಯುವ ಹಾಗಿರಲಿಲ್ಲ.

ಒಟ್ಟು ಎಷ್ಟಾಗಬಹುದು ಎಂದು ಕೇಳಿದಾಗ ಆ ಯುವ ಡಾಕ್ಟರು ಕಾಗದದ ಮಧ್ಯೆ ಗೆರೆ ಎಳೆದು ಎರಡು ಭಾಗ ಮಾಡಿದರು. ಎಡಗಡೆ ‘ಈ ರಾತ್ರಿ’, ಬಲಗಡೆ ‘ನಾಳೆ ನೋಡಿ’. ಸ್ಕ್ಯಾನ್, ರಕ್ತ ಪರೀಕ್ಷೆ, ಅರಿವಳಿಕೆ, ಆಪರೇಷನ್, ಡ್ರಿಪ್, ಆಂಟಿಬಯೋಟಿಕ್ ಎಡಕ್ಕೆ. ವಾರ್ಡಿನ ಬಾಡಿಗೆ, ಎರಡನೆಯ ರಕ್ತ ಪರೀಕ್ಷೆ, ರಕ್ತ ಕೊಡಬೇಕಾಗಿ ಬಂದರೆ ಅದರ ಖರ್ಚು ಬಲಕ್ಕೆ. ನಾನು ಒಂದೊಂದನ್ನೂ ತೋರಿಸಿ ಕೇಳಿದೆ: “ಇದರ ರಿಪೋರ್ಟ್ ಹೇಗೇ ಬಂದರೂ ನೀವು ಮಾಡೋ ಚಿಕಿತ್ಸೆ ಬದಲಾಗುತ್ತಾ?” ಒಂದು ಪರೀಕ್ಷೆಗೆ ಅವರು ಸ್ವಲ್ಪ ಯೋಚಿಸಿ, “ಇಲ್ಲ, ಇದು ಸದ್ಯಕ್ಕೆ ಬೇಡ,” ಎಂದು ಹೊಡೆದು ಹಾಕಿದರು. ಮೂತ್ರಪಿಂಡದ ಪರೀಕ್ಷೆಗೆ ಮಾತ್ರ ಬೆರಳಿಟ್ಟು, “ಇದು ಬೇಕೇ ಬೇಕು, ಅರಿವಳಿಕೆ ಕೊಡೋ ಮುಂಚೆ ನಂಗೆ ಇದು ಗೊತ್ತಿರ್ಬೇಕು,” ಎಂದರು. ಈ ಒಂದು ಪ್ರಶ್ನೆಯನ್ನು ನಾನು ಎಲ್ಲರಿಗೂ ಹೇಳಿಕೊಡುತ್ತೇನೆ. ಒಳ್ಳೆಯ ಡಾಕ್ಟರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಆಪರೇಷನ್ ಆದ ಮೇಲೆ ತಟ್ಟೆಯಲ್ಲಿಟ್ಟು ತೋರಿಸಿದರು. ಪೆನ್ಸಿಲ್ ದಪ್ಪ ಇರಬೇಕಾದ ಗರ್ಭಕೋಶ ಕೀವು ತುಂಬಿ ನನ್ನ ಮುಂಗೈ ಗಾತ್ರಕ್ಕೆ ಊದಿತ್ತು. ಎಲ್ಲ ಮುಗಿಯುವ ಹೊತ್ತಿಗೆ ಆದ ಖರ್ಚು ಹೆಚ್ಚು ಕಡಿಮೆ ₹38,000. ಆರೋಗ್ಯವಾಗಿದ್ದಾಗ ಮಾಡಿಸುವ ಸಂತಾನಹರಣಕ್ಕೆ ಅದೇ ಆಸ್ಪತ್ರೆ ಹೇಳಿದ್ದ ದರ ₹9,000. ಹೆಣ್ಣು ನಾಯಿ ತಂದವರು ಇವೆರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಗರ್ಭಕೋಶ, ಅಂಡಾಶಯ ತೆಗೆಸಿದ ನಾಯಿಗೆ ಈ ಕಾಯಿಲೆಯ ಭಯ ಬಹುಮಟ್ಟಿಗೆ ಇರುವುದಿಲ್ಲ. ಚಿಕ್ಕ ವಯಸ್ಸಿನಲ್ಲೇ ತೆಗೆಸಿದರೆ ಮೊಲೆಗಡ್ಡೆಯ ಅಪಾಯವೂ ಬಹಳ ತಗ್ಗುತ್ತದೆ. ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಪ್ರಾಣಿ ಕಲ್ಯಾಣ ಸಂಸ್ಥೆಗಳಿವೆ. ಖಾಸಗಿ ದರ ಕೈಗೆಟುಕದಿದ್ದರೆ ಅಂಥ ಕಡೆ, ಸರ್ಕಾರಿ ಆಸ್ಪತ್ರೆಗಳ ಕಡೆ ಮೊದಲು ವಿಚಾರಿಸಿ.

ಖಾಸಗಿ ಆಸ್ಪತ್ರೆಗಳೆಲ್ಲ ಸುಲಿಯುತ್ತವೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪಶುವೈದ್ಯರಾಗಲು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ ಓದಬೇಕು. ಹಸು, ಕುದುರೆ, ಕೋಳಿ, ನಾಯಿ, ಬೆಕ್ಕು ಎಲ್ಲದರ ಮೈಯನ್ನೂ ಕಲಿಯಬೇಕು. ಸ್ಕ್ಯಾನ್ ಯಂತ್ರ, ಆಕ್ಸಿಜನ್, ರಾತ್ರಿ ಪಾಳಿಯ ಸಿಬ್ಬಂದಿ ಎಲ್ಲಕ್ಕೂ ಅವರೇ ದುಡ್ಡು ಹೂಡಬೇಕು. ನನ್ನ ಬಿಲ್ಲುಗಳಲ್ಲಿ ಡಾಕ್ಟರ ಫೀ ಯಾವತ್ತೂ ದೊಡ್ಡ ಮೊತ್ತವಾಗಿರಲಿಲ್ಲ. ಬೇಡವಾದದ್ದನ್ನೂ ಸೇರಿಸುವ ಜಾಗಗಳು ಇಲ್ಲವೆಂದಲ್ಲ. ಹೇಳದೆ ಕೇಳದೆ ದಿನದ ಲೆಕ್ಕ ಏರಿಸುತ್ತಾ ಹೋದ ಒಂದು ಕಡೆಗೆ ನಾನು ಮತ್ತೆ ಕಾಲಿಟ್ಟಿಲ್ಲ.

ಕೆಂಚಿ ಮನೆಗೆ ಬಂದ ತಿಂಗಳೇ ಬ್ಯಾಂಕಿನಲ್ಲಿ ತಿಂಗಳಿಗೆ ₹1,500ರ ಆರ್‌ಡಿ ತೆರೆದೆ. ವರ್ಷಕ್ಕೆ ₹18,000, ಎರಡು ವರ್ಷ ತುಂಬುವಾಗ ಬಡ್ಡಿ ಸೇರಿ ಅಂಥದೊಂದು ರಾತ್ರಿಯ ಖರ್ಚು ಕೈಯಲ್ಲಿರುತ್ತದೆ. ಅವಧಿ ಒಂದೇ ವರ್ಷ ಇಟ್ಟಿದ್ದೇನೆ. ಮುಗಿದದ್ದನ್ನು ಎಫ್‌ಡಿಗೆ ಹಾಕುತ್ತೇನೆ, ನಡುರಾತ್ರಿಯಲ್ಲೂ ಮೊಬೈಲಿನಲ್ಲೇ ಮುರಿಯಬಹುದಾದಂಥದ್ದು. ಅಂಚೆ ಕಚೇರಿಯ ಆರ್‌ಡಿ ಒಳ್ಳೆಯದೇ, ಆದರೆ ಈ ಕೆಲಸಕ್ಕೆ ಸರಿಹೋಗುವುದಿಲ್ಲ. ಅದರ ಅವಧಿ ಐದು ವರ್ಷ, ಮೂರು ವರ್ಷ ತುಂಬದೆ ಮುಚ್ಚಲು ಬಿಡುವುದಿಲ್ಲ. ಹನ್ನೆರಡು ಕಂತು ಕಟ್ಟಿದ ಮೇಲೆ ಅರ್ಧದಷ್ಟು ಸಾಲ ಕೊಡುತ್ತಾರೆ, ಅದೂ ಕಚೇರಿ ತೆರೆದಿರುವ ಹೊತ್ತಿನಲ್ಲಿ.

ಸಾಕುಪ್ರಾಣಿ ವಿಮೆಯ ಬಗ್ಗೆ ಓದುಗರು ಆಗಾಗ ಕೇಳುತ್ತಾರೆ. ನಾಯಿಗೆ ಪಾಲಿಸಿಗಳು ಸಿಗುತ್ತವೆ, ಬೆಕ್ಕಿಗೆ ಕಡಿಮೆ. ಸೇರುವ ವಯಸ್ಸಿಗೆ ಮಿತಿ ಇರುತ್ತದೆ; ಮೊದಲೇ ಇದ್ದ ಕಾಯಿಲೆ, ಬಾಣಂತನ, ವರ್ಷದ ಲಸಿಕೆ ಸಾಮಾನ್ಯವಾಗಿ ಸೇರುವುದಿಲ್ಲ. ಲಸಿಕೆ ಹಾಕಿಸಿದ ದಾಖಲೆ ಇಲ್ಲದಿದ್ದರೆ ಆ ಕಾಯಿಲೆಗಳ ಕ್ಲೇಮು ಬಿದ್ದುಹೋಗಬಹುದು. ಆದ್ದರಿಂದ ಲಸಿಕೆ ಪುಸ್ತಕದಲ್ಲಿ ಡಾಕ್ಟರ ಸಹಿ, ಮೊಹರು, ಬಾಟಲಿಯ ಲೇಬಲ್ ಮೂರೂ ಇರುವಂತೆ ನೋಡಿಕೊಳ್ಳಿ. ಎಳೆ ವಯಸ್ಸಿನ, ದೊಡ್ಡ ಗಾತ್ರದ ಜಾತಿ ನಾಯಿ ಇದ್ದವರು ನಿಬಂಧನೆಗಳನ್ನು ಓದಿ ವಿಮೆ ಮಾಡಿಸಬಹುದು. ವಯಸ್ಸಾದ ನಾಟಿ ನಾಯಿಗೆ, ಬೆಕ್ಕಿಗೆ ಪ್ರತ್ಯೇಕ ಉಳಿತಾಯವೇ ಸರಿ ಎಂಬುದು ನನ್ನ ತೀರ್ಮಾನ.

ಮುಪ್ಪಿನ ಖರ್ಚಿನ ರೀತಿಯೇ ಬೇರೆ. ಅದು ಒಂದು ರಾತ್ರಿಯಲ್ಲಿ ಬರುವುದಿಲ್ಲ, ತಿಂಗಳ ಮೇಲೆ ತಿಂಗಳು ನಡೆಯುತ್ತದೆ. ನಮ್ಮ ಮುದಿ ಬೆಕ್ಕು ಸುಬ್ಬಿಗೆ ಮೂತ್ರಪಿಂಡ ಸೋಲತೊಡಗಿದಾಗ ದಿನ ಬಿಟ್ಟು ದಿನ ಕ್ಲಿನಿಕ್ಕಿಗೆ ಹೋಗಿ ನೀರು ಹಾಕಿಸಬೇಕಾಯಿತು. ಪ್ರತಿ ಸಲ ಫೀ, ಆಟೊ ಬಾಡಿಗೆ, ಬುಟ್ಟಿಯೊಳಗೆ ಅವಳ ಗೋಳು. “ಇದನ್ನ ಮನೆಯಲ್ಲೇ ಮಾಡೋಕಾಗುತ್ತಾ ಡಾಕ್ಟ್ರೇ?” ಎಂದು ಕೇಳಿದೆ. ಆಗುತ್ತೆ ಎಂದು ಕೂರಿಸಿಕೊಂಡು ಕಲಿಸಿದರು. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತಿಟ್ಟು, ಪರದೆಯ ಕಂಬಿಗೆ ನೇತುಹಾಕಬೇಕು. ಭುಜಗಳ ನಡುವಿನ ಸಡಿಲ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರೆ ಕೆಳಗೊಂದು ಪೊಳ್ಳು ಏಳುತ್ತದೆ, ಸೂಜಿ ಹೋಗಬೇಕಾದದ್ದು ಅಲ್ಲಿಗೆ. ನೀರು ಇಳಿದಂತೆ ಬೆನ್ನಿನ ಮೇಲೆ ಮೆತ್ತನೆಯ ಗುಬ್ಬಟೆ ಆಗಿ, ಸಂಜೆಯೊಳಗೆ ಕರಗುತ್ತದೆ. ಪ್ರಮಾಣ ಎಷ್ಟೆಂದು ಡಾಕ್ಟರೇ ಬರೆದುಕೊಟ್ಟಿದ್ದರು. ಮೆಡಿಕಲ್ ಸ್ಟೋರಿನ ರಿಂಗರ್ ಲ್ಯಾಕ್ಟೇಟ್ ಬಾಟಲಿಗೆ ನೂರು ರೂಪಾಯಿಯೂ ಆಗುತ್ತಿರಲಿಲ್ಲ. ಸುಬ್ಬಿ ನನ್ನ ತೊಡೆಯ ಮೇಲೆಯೇ ಇರುತ್ತಿದ್ದಳು, ಒದ್ದಾಡುತ್ತಿರಲಿಲ್ಲ.

ಔಷಧಿಯ ವಿಷಯದಲ್ಲೂ ಕೇಳಿ. ಉಣ್ಣೆ ಜ್ವರಕ್ಕೆ ಬರೆಯುವ ಡಾಕ್ಸಿಸೈಕ್ಲಿನ್ ಮನುಷ್ಯರ ಮೆಡಿಕಲ್ ಸ್ಟೋರಿನಲ್ಲೇ ಸಿಗುವ ಅಗ್ಗದ ಮಾತ್ರೆ. ಡಾಕ್ಟರು ಜನರಿಕ್ ಹೆಸರು ಬರೆದುಕೊಟ್ಟರೆ ಸಾಕು. ಹೇಳಿದಷ್ಟು ದಿನವೂ ಕೊಡಬೇಕು. ಎರ್ಲಿಕಿಯಾ ಎಂಬ ಉಣ್ಣೆ ಜ್ವರವಿದ್ದರೆ ಸಾಮಾನ್ಯವಾಗಿ 28 ದಿನ. ಆದರೆ ದುಡ್ಡು ಉಳಿಸಲೆಂದು ಡಾಕ್ಟರನ್ನೇ ಬಿಟ್ಟು ಮನೆಯ ಡಬ್ಬಿಗೆ ಕೈ ಹಾಕಬೇಡಿ. ಒಂದೇ ಒಂದು ಪ್ಯಾರಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಗೆಂದು ಮಾರುವ ಪರ್ಮೆಥ್ರಿನ್ ಉಣ್ಣೆ ಔಷಧಿಯೂ ಬೆಕ್ಕಿಗೆ ಹಾಗೆಯೇ. ಗಂಡು ಬೆಕ್ಕು ಮೂತ್ರಕ್ಕೆ ಮುಕ್ಕಿ ಮುಕ್ಕಿ ಕೂತು ಹನಿಯೂ ಬಾರದಿದ್ದರೆ ನಾಳೆ ನೋಡೋಣ ಎನ್ನಬೇಡಿ. ನಾಳೆಗೆ ಬಿಲ್ಲೂ ಏರಿರುತ್ತದೆ, ಜೀವವೂ ಕೈಮೀರಿರಬಹುದು.

ಪಶುವೈದ್ಯರಿಗೂ ಒಂದು ಮನವಿ. ಸಾಮಾನ್ಯ ಸೇವೆಗಳ ದರವನ್ನು, ಅಂದರೆ ಫೀ, ಲಸಿಕೆ, ಸಂತಾನಹರಣ, ಎಕ್ಸ್‌ರೇ, ರಕ್ತ ಪರೀಕ್ಷೆ, ಒಂದು ದಿನದ ಡ್ರಿಪ್ಪು, ಇಷ್ಟನ್ನಾದರೂ ಕನ್ನಡದಲ್ಲಿ ಬರೆಸಿ ಬಾಗಿಲಲ್ಲಿ ಹಾಕಿ. ಅಡ್ಮಿಟ್ ಮಾಡುವ ಮುನ್ನ ಅಂದಾಜು ಬರೆದುಕೊಡಿ. ಲೆಕ್ಕ ಅದನ್ನು ದಾಟುವ ದಿನ ಫೋನ್ ಮಾಡಿ ಕೇಳಿ. ಬಾಯಿಬಿಟ್ಟು ಕೇಳಲು ನಾಚುವವರು ಬೋರ್ಡು ಓದಿಯಾದರೂ ಒಳಗೆ ಬರುತ್ತಾರೆ, ಮರಿ ಎರಡನೆಯ ಸಲ ವಾಂತಿ ಮಾಡಿದಾಗಲೇ ಬರುತ್ತಾರೆ.