ತಡಿಯಂಡಮೋಳಿನಿಂದ ಸಮುದ್ರ ಕಾಣುತ್ತದೆಯೇ?



"ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ" ಎಂಬ ಗಾದೆ ನಮಗೆಲ್ಲ ಗೊತ್ತು. ನಾವು ಕೊಡಗಿನವರಾದ್ದರಿಂದ ಬೆಟ್ಟ ನಮಗೆ ದೂರವೂ ಅಲ್ಲ, ನುಣ್ಣಗೂ ಅಲ್ಲ. ಆದರೂ ಹತ್ತಿ ನೋಡಿದವರು ನಮ್ಮ ತರಗತಿಯಲ್ಲಿ ಬಹಳ ಕಡಿಮೆ. ಕಳೆದ ಡಿಸೆಂಬರಿನಲ್ಲಿ ಹುತ್ತರಿ ಮುಗಿದ ಮೇಲೆ ನಾನು, ಮಾವ ಮತ್ತು ನನ್ನ ತಮ್ಮ ತಡಿಯಂಡಮೋಳ್ ಹತ್ತಿದ್ವಿ. ನಮ್ಮ ಅಜ್ಜಿ ಇದುವರೆಗೆ ಸಮುದ್ರ ನೋಡಿದವರಲ್ಲ. "ಆ ಬೆಟ್ಟದ ತುದಿಯಿಂದ ಸಮುದ್ರ ಕಾಣ್ತದಂತೆ, ನೀನಾದ್ರೂ ನೋಡಿ ಬಂದು ಹೇಳು" ಅಂದಿದ್ರು. ಅದು ನಿಜವೇ ಎಂದು ನೋಡಲು ಹೋಗಿ ನಾನು ಬೇರೆ ಒಂದು ಪಾಠ ಕಲಿತು ಬಂದೆ.

ಬೆಟ್ಟದ ಪರಿಚಯ

ತಡಿಯಂಡಮೋಳ್ ಕೊಡಗಿನ ಅತಿ ಎತ್ತರದ ಶಿಖರ. ಎತ್ತರ 1748 ಮೀಟರ್. ನಂತರದ್ದು ಪುಷ್ಪಗಿರಿ, 1712 ಮೀಟರ್. ತಡಿಯಂಡಮೋಳ್ ಇರುವುದು ಕಕ್ಕಬ್ಬೆಯ ಹತ್ತಿರ. ಬುಡದಲ್ಲಿ ನಾಲ್ಕುನಾಡು ಅರಮನೆ ಇದೆ. ಇದನ್ನು ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ. 1834ರಲ್ಲಿ ಇಂಗ್ಲಿಷರು ಕೊಡಗಿಗೆ ನುಗ್ಗಿದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಇಲ್ಲಿಗೇ ಬಂದು ಸೇರಿದ್ದ.

ಅರಮನೆಯಿಂದ ತುದಿಗೆ ಸುಮಾರು 7 ಕಿಲೋಮೀಟರ್ ನಡಿಗೆ. ಮೊದಲು ಕಾಫಿ ತೋಟ, ಆಮೇಲೆ ಕಾಡು, ಕೊನೆಗೆ ಬೋಳು ಹುಲ್ಲುಗಾವಲು. ಹುಲ್ಲಿನ ನಡುವೆ ಕಣಿವೆಗಳಲ್ಲಿ ಮಾತ್ರ ದಟ್ಟ ಮರಗಳಿರುತ್ತವೆ. ಇದಕ್ಕೆ ಶೋಲಾ ಕಾಡು ಎನ್ನುತ್ತಾರೆ. ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುವುದು ಈ ಶೋಲಾ ಮತ್ತು ಹುಲ್ಲುಗಾವಲಿನ ಕೆಲಸ. ಪೂರ್ವಕ್ಕೆ ಇಳಿದ ಹನಿ ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಇಳಿದದ್ದು ಕೇರಳದ ಕಡೆ ಹರಿದು ಅರಬ್ಬೀ ಸಮುದ್ರ ಸೇರುತ್ತದೆ.

ಚಳಿಗಾಲವೇ ಯಾಕೆ?

ಮಳೆಗಾಲದಲ್ಲಿ ಜಿಗಣೆ, ಜಾರುವ ದಾರಿ, ಮಣ್ಣು ಕುಸಿಯುವ ಭಯ. 2018ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯಲ್ಲಿ ಬೆಟ್ಟಗಳು ಕುಸಿದದ್ದನ್ನು ಯಾರೂ ಮರೆತಿಲ್ಲ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ. ಆಗ ದಾರಿ ಮುಚ್ಚುವುದೂ ಉಂಟು. ಆದ್ದರಿಂದ ಚಳಿಗಾಲವೇ ಸರಿಯಾದ ಕಾಲ.

ಆದರೆ ಚಳಿಗಾಲಕ್ಕೂ ಎರಡು ಕಷ್ಟಗಳಿವೆ. ಒಂದು, ಚಳಿ. 1000 ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಮಂಗಳೂರಿನಲ್ಲಿ 30 ಡಿಗ್ರಿ ಇದ್ದರೆ ತಡಿಯಂಡಮೋಳ್ ತುದಿಯಲ್ಲಿ ಸುಮಾರು 19. ಗಾಳಿ ಬೀಸಿದರೆ ಇನ್ನೂ ಚಳಿ ಅನ್ನಿಸ್ತದೆ. ಎರಡು, ಹಗಲು ಚಿಕ್ಕದು. ಡಿಸೆಂಬರ್ 21-22ರ ಹೊತ್ತಿಗೆ ನಮ್ಮಲ್ಲಿ ಹಗಲು ಸುಮಾರು ಹನ್ನೊಂದೂವರೆ ಗಂಟೆ ಮಾತ್ರ. ಸಂಜೆ ಆರು ಕಳೆದು ಸೂರ್ಯ ಮುಳುಗಿದ ಮೇಲೆ ಅರ್ಧ ಗಂಟೆಯೊಳಗೆ ಕತ್ತಲು. ಮರಗಳ ಕೆಳಗೆ ಅದಕ್ಕಿಂತ ಮೊದಲೇ.

ಸಮುದ್ರ ಕಾಣುವ ಲೆಕ್ಕ

ಭೂಮಿ ಗುಂಡಗಿರುವುದರಿಂದ ನಮ್ಮ ನೋಟಕ್ಕೆ ಒಂದು ಮಿತಿ ಇದೆ. ಅದೇ ದಿಗಂತ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಸಮುದ್ರದ ದಡದಲ್ಲಿ ನಿಂತ ಹುಡುಗನ ಕಣ್ಣಿನ ಎತ್ತರ ಒಂದೂವರೆ ಮೀಟರ್ ಎಂದಿಟ್ಟುಕೊಳ್ಳಿ. ಅವನಿಗೆ ಸುಮಾರು 4 ಕಿಲೋಮೀಟರ್ ಮಾತ್ರ ಕಾಣುತ್ತದೆ. 1748ರ ವರ್ಗಮೂಲ ಸುಮಾರು 41.8. ಹಾಗಾದರೆ ನಮ್ಮ ಬೆಟ್ಟದ ತುದಿಯಿಂದ ದಿಗಂತ ಸುಮಾರು 149 ಕಿಲೋಮೀಟರ್! ಕರಾವಳಿ ಇರುವುದು ನೇರ ಗೆರೆಯಲ್ಲಿ 50 ಕಿಲೋಮೀಟರ್ ಆಸುಪಾಸಿನಲ್ಲಿ. ಅಜ್ಜಿ ಕೇಳಿದ್ದ ಮಾತು ಲೆಕ್ಕದ ಪ್ರಕಾರ ಸರಿಯೇ.

ನಾನು ಮಾಡಿದ ತಪ್ಪು

ಏಳಕ್ಕೆ ಹೊರಡಬೇಕಾಗಿತ್ತು. ನಾನು ತಡವಾಗಿ ಎದ್ದದ್ದರಿಂದ ಅರಮನೆ ಬಿಡುವಾಗ ಒಂಬತ್ತೂಕಾಲು. "ಎಲ್ಲಿದ್ದರೂ ಸರಿ, ಒಂದು ಗಂಟೆಗೆ ವಾಪಸ್ ತಿರುಗಬೇಕು" ಎಂದು ಮಾವ ಮೊದಲೇ ಹೇಳಿದ್ರು. ತುದಿ ಮುಟ್ಟಿದಾಗ ಒಂದೂಕಾಲು. ಪಶ್ಚಿಮಕ್ಕೆ ನೋಡಿದರೆ ಬರೀ ಬಿಳಿ ಮಂಜು! ನನಗೆ ಅಳು ಬಂತು. "ಸ್ವಲ್ಪ ನಿಲ್ಲಿ ಮಾವ, ಈಗ ಸರೀತದೆ" ಎಂದು ಹಟ ಮಾಡಿದೆ. ಅಕ್ಕಿರೊಟ್ಟಿ ತಿಂದು ಕಾಯುತ್ತಾ ಕೂತೆವು. "ಸಮುದ್ರ ಓಡಿ ಹೋಗಲ್ಲ, ಹೊತ್ತು ಓಡಿ ಹೋಗ್ತದೆ" ಎಂದು ಮಾವ ಎದ್ದಾಗ ಮುಕ್ಕಾಲು ಮೂರು.

ಇಳಿಯುವಾಗ ಮಂಜು ನಮ್ಮನ್ನೂ ಸುತ್ತಿಕೊಂಡಿತು. ಮುಂದೆ ಓಡಿದ್ದ ತಮ್ಮ ಕಾಣಲಿಲ್ಲ. ಕೂಗಿದೆವು, ಉತ್ತರ ಇಲ್ಲ. ದಾರಿಯಲ್ಲಿ ಬೆಳಿಗ್ಗೆ ಆನೆಯ ಲದ್ದಿ ನೋಡಿದ್ದು ನೆನಪಾಗಿ ನನ್ನ ಕೈಕಾಲು ನಡುಗಿತು. ಹುಡುಕಲು ಓಡಹೊರಟ ನನ್ನನ್ನು ಮಾವ ಹಿಡಿದು ನಿಲ್ಲಿಸಿ, "ನೀನೂ ತಪ್ಪಿಹೋದ್ರೆ ನಾನು ಯಾರನ್ನ ಹುಡುಕ್ಲಿ?" ಅಂದ್ರು. ನಿಂತಲ್ಲೇ ನಿಂತು ಬುತ್ತಿಯ ಸ್ಟೀಲ್ ಡಬ್ಬಿಯನ್ನು ಕಲ್ಲಿನಿಂದ ಬಡಿದೆವು. ಸ್ವಲ್ಪ ಬಡಿಯುವುದು, ಸುಮ್ಮನೆ ಕೇಳುವುದು. ಸುಮಾರು ಒಂದು ಗಂಟೆಯ ಮೇಲೆ ಶೋಲಾದ ಕಡೆಯಿಂದ ತಮ್ಮನ ದನಿ ಬಂತು. ಅಡ್ಡದಾರಿ ಎಂದು ಹುಲ್ಲಿನಲ್ಲಿ ಇಳಿದು ಕಾಡಿನ ಅಂಚಿಗೆ ಹೋಗಿದ್ದ. ಸದ್ದಿನ ದಿಕ್ಕಿಗೆ ಹತ್ತಿ ಬಂದ. ಒಂದೇ ಟಾರ್ಚಿನಲ್ಲಿ ಅರಮನೆ ಮುಟ್ಟುವಾಗ ಕತ್ತಲಾಗಿತ್ತು.

ಮಧ್ಯಾಹ್ನದ ಮಂಜು ಎಲ್ಲಿಂದ?

ಮನೆಗೆ ಬಂದು ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಬಿಸಿಲೇರಿದಂತೆ ಬೆಟ್ಟದ ಇಳಿಜಾರು ಕಾಯುತ್ತದೆ. ಅದಕ್ಕೆ ತಗಲಿದ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಸಮುದ್ರದ ಕಡೆಯ ತೇವದ ಗಾಳಿಯೂ ಹೀಗೆ ಮೇಲೆ ಬಂದು, ತಣ್ಣಗಾಗಿ, ಅದರ ಆವಿ ಸಣ್ಣ ಸಣ್ಣ ಹನಿಯಾಗುತ್ತದೆ. ಅದೇ ನಾವು ಕಂಡ ಮಂಜು. ಬಿಸಿಲಿರುವವರೆಗೂ ಅದು ಬರುತ್ತಲೇ ಇರುತ್ತದೆ. ಅಂದರೆ ನಾನು ಕಾದಷ್ಟೂ ಮಂಜು ಹೆಚ್ಚುತ್ತಿತ್ತು! ಸಮುದ್ರ ನೋಡಬೇಕಾದರೆ ಬೆಳಿಗ್ಗೆಯೇ ತುದಿಯಲ್ಲಿರಬೇಕು.

ನೆನಪಿಡಿ

1. ದೊಡ್ಡವರಿಲ್ಲದೆ ಹೋಗಬೇಡಿ. ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ.
2. ಹೊತ್ತಿನ ಲೆಕ್ಕ ಹಾಕಿ. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬವರು 1892ರಲ್ಲಿ ಒಂದು ಸೂತ್ರ ಹೇಳಿದರು: 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಮಕ್ಕಳಿಗೆ ಇದಕ್ಕಿಂತ ಹೆಚ್ಚು ಬೇಕು. ನಮಗೆ ಹತ್ತಲು ನಾಲ್ಕು ಗಂಟೆ ಹಿಡಿಯಿತು.
3. ತಿರುಗುವ ಗಂಟೆ ಬಂದರೆ ತುದಿ ಎದುರಿಗೇ ಇದ್ದರೂ ತಿರುಗಿ.
4. ನೀರು, ಬುತ್ತಿ, ಸ್ವೆಟರ್, ಟಾರ್ಚ್, ಒಂದು ಸೀಟಿ ಇರಲಿ. ಬೆಂಕಿ ಹಚ್ಚಬೇಡಿ, ಪ್ಲಾಸ್ಟಿಕ್ ಬಿಸಾಡಬೇಡಿ.
5. ದಾರಿ ತಪ್ಪಿದರೆ ಓಡಬೇಡಿ. ನಿಂತು ಸದ್ದು ಮಾಡಿ.

ಪ್ರಶ್ನೆಗಳು (ಉತ್ತರ ಮುಂದಿನ ಸಂಚಿಕೆಯಲ್ಲಿ)

1. ಪುಷ್ಪಗಿರಿಯ ತುದಿಯಿಂದ ದಿಗಂತ ಎಷ್ಟು ದೂರ?
2. 10 ಕಿಲೋಮೀಟರ್ ನಡೆದು 900 ಮೀಟರ್ ಏರಲು ನೈಸ್ಮಿತ್ ಸೂತ್ರದಂತೆ ಎಷ್ಟು ಹೊತ್ತು ಬೇಕು?
3. ನಿಮ್ಮ ಮನೆಯ ಹತ್ತಿರದ ತೋಡಿನ ನೀರು ಕೊನೆಗೆ ಯಾವ ಸಮುದ್ರ ಸೇರುತ್ತದೆ? ಹಿರಿಯರನ್ನು ಕೇಳಿ ಬರೆಯಿರಿ.

ಸಮುದ್ರ ಕಾಣಲಿಲ್ಲ ಎಂದು ಅಜ್ಜಿಗೆ ಹೇಳಿದೆ. ಅಜ್ಜಿ ತಮ್ಮನ ತಲೆ ಸವರುತ್ತಾ, "ಅದು ಅಲ್ಲೇ ಇರ್ತದೆ ಬಿಡು, ನೀವು ಮೂವರೂ ಬಂದ್ರಲ್ಲ" ಅಂದ್ರು. ಮುಂದಿನ ಚಳಿಗಾಲಕ್ಕೆ ನಾನು ಬೇಗ ಏಳುತ್ತೇನೆ.